ಕೂತರೆ ಕಪ್ಪು, ನಿಂತರೆ ಬಿಳುಪು

ಕಂಪ್ಯೂಟರಿಗೊಂದು ಮಾನಿಟರ್ ಆರಿಸುವುದೇನು ಮಹಾ ವಿದ್ಯೆ! ಟೈಲರಮ್ಮ ಹಾಗಂತ ತೀರ್ಮಾನ ಮಾಡಿಬಿಟ್ಟಳು. ಡಬ್ಬಿ ತುಂಬ ಹಸಿರು ದಾರವಿದ್ದರೂ ಗಿರಾಕಿಯ ಬಟ್ಟೆಗೆ ಹೊಂದುವ ಹಸಿರನ್ನು ಒಂದೇ ನೋಟಕ್ಕೆ ಹೆಕ್ಕಿ ತೆಗೆಯುವ ಕಣ್ಣು ಅವಳದು.

"ಬಣ್ಣದ ವಿಷಯದಲ್ಲಿ ನಂಗೆ ಯಾರೂ ಪಾಠ ಹೇಳ್ಬೇಕಾಗಿಲ್ಲ," ಎಂದು ನಾದಿನಿಗೆ ಹೇಳಿ ಅಂಗಡಿಗೆ ಹೊರಟಳು.

ಹೋಗದೆ ವಿಧಿಯಿರಲಿಲ್ಲ. ತೀರಿಹೋದ ಗಂಡನ ಒಂದೇ ಒಂದು ಒಳ್ಳೆಯ ಫೋಟೋ ಮನೆಯ ಕಂಪ್ಯೂಟರಿನಲ್ಲಿತ್ತು. ದಿನಾ ಬೆಳಿಗ್ಗೆ ಅದನ್ನು ನೋಡಿಯೇ ಅವಳು ಹೊಲಿಗೆ ಮೆಷಿನ್ನಿಗೆ ಕೂರುವುದು. ಹಳೆಯ ಮಾನಿಟರ್ ಕೆಟ್ಟು ಮೂಲೆ ಸೇರಿ ತಿಂಗಳಾಗುವಷ್ಟರಲ್ಲಿ ಅವಳಿಗೆ ದಿಗಿಲು ಹತ್ತಿತು. ಮೂಗು ನೆನಪಿದೆ. ಮೀಸೆ ನೆನಪಿದೆ. ಮುಖದ ಬಣ್ಣ ಮಾತ್ರ ನೆನಪಿನಿಂದ ಜಾರುತ್ತಿತ್ತು.

ಅಂಗಡಿಯಲ್ಲಿ ಅಗ್ಗದ ಮಾನಿಟರುಗಳ ಸಾಲು. ಒಂದರಲ್ಲಿ ಗಿಣಿಯ ಚಿತ್ರ.

"ಈ ಗಿಣಿ ಹಸಿರು ಸರಿಯಾಗಿದೆ. ಇದನ್ನೇ ಕೊಡಿ!"

"ಅಮ್ಮಾ, ಒಂದ್ಸಲ ಬಗ್ಗಿ ನೋಡಿ. ಪಕ್ಕದಿಂದಾನೂ ನೋಡಿ," ಎಂದ ಅಂಗಡಿಯವನು.

"ಮಾನಿಟರ್ ತಗೊಳಕ್ಕೆ ಬಂದಿದೀನಪ್ಪಾ, ಕಸರತ್ತು ಮಾಡಕ್ಕಲ್ಲ!"

ದಿಗ್ವಿಜಯ ಮುಗಿಸಿ ಮಾನಿಟರನ್ನು ಮನೆಗೆ ತಂದಳು. ಮೇಜಿನ ಮೇಲೆ ಇಟ್ಟು, ಫೋಟೋ ತೆರೆದು, ಮೆಷಿನ್ನಿನ ಮುಂದಿನ ಗಿಡ್ಡ ಸ್ಟೂಲಿನಲ್ಲಿ ಕೂತು ತಲೆಯೆತ್ತಿದಳು. ಅವರು ಇಷ್ಟು ಕಪ್ಪಿದ್ದರೇ?

ಹಿಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದ ನಾದಿನಿ ಕಿರುಚಿದಳು. ಆಕೆಯೋ ಬಾಗಿಲಿನಷ್ಟು ಉದ್ದ.

"ಅಯ್ಯೋ ಅತ್ತಿಗೆ! ನಮ್ಮಣ್ಣನ್ನ ಸುಣ್ಣ ಹೊಡೆದ ಗೋಡೆ ಮಾಡಿಟ್ಟಿದೀರಲ್ಲ!"

"ಸುಣ್ಣಾನಾ? ಇದ್ದಿಲಾಗಿದ್ದಾರೆ ಕಣೇ!"

"ಇದ್ದಿಲಾ? ಕಣ್ಣು ಪರೀಕ್ಷೆ ಮಾಡಿಸ್ಕೊಳಿ!"

ಅಲ್ಲಿಂದ ಶುರುವಾಯಿತು ಗುಂಡಿಗಳ ಯುದ್ಧ! ಅತ್ತಿಗೆ ಮಾನಿಟರಿನ ಗುಂಡಿ ಒತ್ತಿ ಬೆಳಕು ಏರಿಸುವಳು. ಅವಳು ನೀರು ತರಲು ಹೋದಾಗ ನಾದಿನಿ ಇಳಿಸುವಳು. ಒತ್ತಿ ಒತ್ತಿ ಒಮ್ಮೆ ಫೋಟೋದ ಮುಖ ನೇರಳೆಯಾಯಿತು. ಇನ್ನೊಮ್ಮೆ ಪರದೆಯ ಅಕ್ಷರಗಳೆಲ್ಲ ಯಾವುದೋ ಭಾಷೆಗೆ ತಿರುಗಿಕೊಂಡವು.

"ಹುಟ್ಟಿದಾಗಿಂದ ಅಣ್ಣನ ಮುಖ ನೋಡಿದೋಳು ನಾನು!"

"ಕೊನೇ ತನಕ ನೋಡಿದೋಳು ನಾನು!"

ಆಮೇಲೆ ಮಾತೇ ನಿಂತುಹೋಯಿತು. ಟೈಲರಮ್ಮ ಬೆಳ್ಳಗಿನ ದಾರದಲ್ಲಿ ಕಪ್ಪು ಪ್ಯಾಂಟು ಹೊಲಿದಳು. ತನ್ನ ಕಣ್ಣೇ ಸುಳ್ಳು ಹೇಳುತ್ತಿದೆಯೇ? ಹಾಗಾದರೆ ಗಂಡನನ್ನು ಇನ್ನೊಂದು ಸಲ ಕಳೆದುಕೊಂಡಂತೆಯೇ. ಬಿಗುಮಾನ ಬಿಟ್ಟು ಅಂಗಡಿಯವನಿಗೆ ಫೋನ್ ಮಾಡಿದಳು.

ಅವನು ಇನ್ನೊಂದು ಮಾನಿಟರ್ ಹೊತ್ತುಕೊಂಡೇ ಬಂದ. ಸ್ಟೂಲು ನೋಡಿದ. ನಾದಿನಿಯನ್ನು ಬುಡದಿಂದ ತುದಿಯವರೆಗೆ ನೋಡಿದ. ನಕ್ಕುಬಿಟ್ಟ.

"ಅಮ್ಮಾ, ನೀವು ಎದ್ದೇಳಿ. ಅಕ್ಕಾ, ನೀವು ಕೂತ್ಕೊಳಿ."

ಟೈಲರಮ್ಮ ಎದ್ದು ಸ್ಟೂಲಿನ ಮೇಲೇ ಹತ್ತಿ ನಿಂತಳು. ಏರಿದ ಹಾಗೆ ಗಂಡನ ಮುಖ ಬಿಳಿಚಿಕೊಂಡಿತು. ನೆಲಕ್ಕೆ ಕುಕ್ಕರಿಸಿದ ನಾದಿನಿ, "ಅಯ್ಯೋ, ಇದ್ದಿಲು!" ಎಂದಳು.

"ಇದರ ಪರದೆ ಗುಣಾನೇ ಹಾಗೆ. ಕೂತರೆ ಕಪ್ಪು, ನಿಂತರೆ ಬಿಳುಪು. ಅದಕ್ಕೇ ಬಗ್ಗಿ ನೋಡಿ ಅಂದಿದ್ದು."

ಅವನು ಮಾನಿಟರ್ ಬದಲಾಯಿಸಿದ. ಕೂತು ನೋಡಿದರು, ನಿಂತು ನೋಡಿದರು, ಅಡುಗೆಮನೆ ಬಾಗಿಲಿನಿಂದ ಇಣುಕಿಯೂ ನೋಡಿದರು. ಎಲ್ಲಿಂದ ನೋಡಿದರೂ ಒಂದೇ ಮುಖ. ಟೈಲರಮ್ಮನ ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು. ಅಷ್ಟರಲ್ಲಿ ನಾದಿನಿ ಪರದೆಗೆ ಮೂಗು ತಾಗಿಸಿದಳು.

"ಇದೂ ಕೆಟ್ಟಿದೆ. ನೋಡಿ, ಕಿವಿ ಕೆಳಗೆ ಬಿಳೀ ಗೆರೆ!"

ಅಂಗಡಿಯವನು ಫೋಟೋವನ್ನು ಪರದೆಯ ಆ ತುದಿಗೆ ಎಳೆದ. ಗೆರೆಯೂ ಜೊತೆಗೇ ಹೋಯಿತು. "ಇದು ಮಾನಿಟರಿಂದಲ್ಲಮ್ಮ. ಅವರ ಮುಖದ್ದೇ."

ಟೈಲರಮ್ಮ ಬಗ್ಗಿ ನೋಡಿದಳು. ಕೆನ್ನೆಯಿಂದ ದವಡೆಯವರೆಗೆ ದಪ್ಪಗೆ ಪೌಡರ್! ಹಳೆಯ ಮಾನಿಟರಿನಲ್ಲಿ ಯಾವತ್ತೂ ಕಂಡಿರಲಿಲ್ಲ. ಗೆರೆಯ ಕೆಳಗೆ, ಪೌಡರ್ ತಲುಪದ ಕತ್ತು. ಅದೇ ಬಣ್ಣ! ಕಣ್ಣಿಗೆ ಬಿದ್ದ ಕೂಡಲೇ ಗುರುತು ಸಿಕ್ಕಿತು. ಅವಳು ಪರದೆಯಲ್ಲಿನ ಆ ಕತ್ತಿನ ಮೇಲೆ ಬೆರಳಿಟ್ಟಳು. ಮೊದಲು ಅಳು ಬಂತು. ಹಿಂದೆಯೇ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಎಷ್ಟೋ ದಿನದ ಮೇಲೆ ಬಂದ ನಗು.

ನಾದಿನಿ ಮಾತ್ರ ನಗಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅತ್ತಿಗೆ, ನಿಮ್ಮ ಪೌಡರ್ ಡಬ್ಬಿ ಬೇಗ ಖಾಲಿಯಾಗತ್ತೆ ಅಂತ ಅಷ್ಟು ವರ್ಷ ಯಾರನ್ನ ಬೈದ್ರಿ?"

"...ನಿನ್ನ."

"ಆಮೇಲೆ ನನಗೆ ಸಿಗಬಾರದು ಅಂತ ಕಪಾಟಲ್ಲಿಟ್ಟು ಬೀಗ ಬೇರೆ ಹಾಕಿದ್ರಿ. ಆ ಬೀಗದ ಕೈ ಯಾರ ಹತ್ರ ಕೊಟ್ಟಿದ್ರಿ?"

ಟೈಲರಮ್ಮ ಪರದೆಯ ಮೇಲಿನ ಮುಖ ನೋಡಿದಳು.

"ಅವರ ಹತ್ರ," ಎಂದಳು, ಬಹಳ ಸಣ್ಣ ದನಿಯಲ್ಲಿ.