ಕೈಮರವಾಗಿದ್ದ ಕಾಕಾ

ನಮ್ಮ ಕಾಕಾನ ಬಗ್ಗೆ ಅಣ್ಣಿಗೇರಿಯಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ. ಜೀವದ ಗೆಳೆಯ ಹೊಲದ ದಾರಿಯಲ್ಲಿ ತನ್ನ ಬೈಕಿನ ಕೆಳಗೆ ಬಿದ್ದಿದ್ದಾಗ ಈ ಮನುಷ್ಯ ಎಲ್ಲರಿಗಿಂತ ಮೊದಲು ಹೋಟೆಲು ಸೇರಿ ಬಿಸಿ ಉಪ್ಪಿಟ್ಟು ತಿನ್ನುತ್ತ ಕುಳಿತಿದ್ದನಂತೆ. ಚಹಾದಂಗಡಿಯಲ್ಲಿ ಹೇಳುತ್ತಾರೆ, ಕ್ಷೌರದಂಗಡಿಯಲ್ಲಿ ಹೇಳುತ್ತಾರೆ, ಜೀವಮಾನದಲ್ಲಿ ಬೈಕು ಮುಟ್ಟದವರೂ ಹೇಳುತ್ತಾರೆ. ಚರ್ಚಾಸ್ಪರ್ಧೆಗಳಲ್ಲಿ ನಾಲ್ಕು ವರ್ಷ ಎದುರು ಪಕ್ಷದವರ ನೀರಿಳಿಸಿ ಬಂದ ನನ್ನ ಮುಂದೆಯೂ ಹೇಳುತ್ತಾರಲ್ಲ, ಅವರ ಧೈರ್ಯ ಮೆಚ್ಚಬೇಕು!

ವಾದದ ಮೊದಲ ಪಾಠ: ಎದುರಿನವರ ಮಾತಿನಲ್ಲಿ ನಿಜವಿದ್ದಷ್ಟನ್ನು ಮೊದಲೇ ಒಪ್ಪಿಕೊಂಡುಬಿಡಬೇಕು. ಒಪ್ಪಿದೆ. ಅವತ್ತು ಮೊದಲ ತಟ್ಟೆ ಕಾಕಾನದೇ. ಉಪ್ಪಿಟ್ಟು ಬಿಸಿಯಾಗಿಯೇ ಇತ್ತು. ನಾನು ಕೇಳುವುದು ಇಷ್ಟೇ: ಕ್ಲಬ್ಬಿನ ಜೊತೆ ಹೋದ ಒಂಬತ್ತು ವರ್ಷಗಳಲ್ಲಿ ಒಂದು ಭಾನುವಾರವೂ ಬಿಸಿ ತಿನ್ನದ ಮನುಷ್ಯ ಅವತ್ತೊಂದು ದಿನ ಯಾಕೆ ತಿಂದ? ಉಪ್ಪಿಟ್ಟಿನ ಬಿಸಿ ಅಳೆದವರು ಇದನ್ನು ಯಾಕೆ ಕೇಳಲಿಲ್ಲ?

ಉತ್ತರ ನನ್ನ ಹತ್ತಿರ ಇದೆ. ಆದರೆ ಕಾಕಾ ಎಂಥವನೆಂದು ಗೊತ್ತಾಗದೆ ಅದು ನಿಮಗೆ ದಕ್ಕುವುದಿಲ್ಲ.

ನಮ್ಮೂರಲ್ಲಿ ಹನ್ನೊಂದು ಜನರ ಒಂದು ಬೈಕ್ ಕ್ಲಬ್ಬು ಇದೆ. ಅಧ್ಯಕ್ಷರದು ಟೈರಿನ ಅಂಗಡಿ. ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಕಾಳಿನ ದಲಾಲಿ ಅಂಗಡಿಯಲ್ಲಿ ತೂಕ ಹಾಕುವವನು. ಅವನ ಗೆಳೆಯ ಪ್ರಾಥಮಿಕ ಶಾಲೆಯ ಮಾಸ್ತರು. ಉಳಿದವರೂ ಹೀಗೇ ವಾರವಿಡೀ ಮರ್ಯಾದೆಯಿಂದ ಬದುಕಿ, ಭಾನುವಾರ ಬೆಳಿಗ್ಗೆ ಮಾತ್ರ ಕಪ್ಪು ಜಾಕೀಟು ಹಾಕಿಕೊಂಡು ಎರಿ ಸೀಮೆಯ ಕರಿನೆಲದ ಬಿಸಿಲಲ್ಲಿ ಬೇಯುವವರು. ಹನ್ನೊಂದು ಕಪ್ಪು ಜಾಕೀಟುಗಳು ಸಾಲಾಗಿ ಬಂದು ನಿಂತರೆ ಹೊಲದಲ್ಲಿದ್ದವರು ಸರ್ವೆಯವರು ಬಂದರೆಂದು ಓಡಿಬಂದು ಬದುವಿನ ತಕರಾರು ಹೇಳುತ್ತಿದ್ದರು. ಮಾಸ್ತರರು ಇಳಿದು ಪೂರ್ತಿ ಕೇಳಿಸಿಕೊಂಡು, ಎರಡೂ ಕಡೆಯವರಿಗೆ ಬುದ್ಧಿ ಹೇಳಿಯೇ ಮುಂದೆ ಬರುತ್ತಿದ್ದರು. ಅವರು ಸದಾ ಕೊನೆಯಲ್ಲಿರುತ್ತಿದ್ದದ್ದು ಇದಕ್ಕೇ. ಕಡಲೆ ಹೂ ಬಿಟ್ಟಿದ್ದರೆ ನಿಲ್ಲಬೇಕು, ಹತ್ತಿ ಒಡೆದಿದ್ದರೆ ನಿಲ್ಲಬೇಕು, ಯಾರದೋ ಎತ್ತು ಚೆನ್ನಾಗಿದ್ದರೆ ಎತ್ತಿನ ಜೊತೆಯೂ ಎರಡು ಮಾತಾಡಬೇಕು.

ಹೀಗೆ ಹಿಂದೆ ಬಿದ್ದವರು ದಾರಿ ತಪ್ಪಬಾರದೆಂದು ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ದಾರಿ ಒಡೆಯುವ ಕಡೆ ಒಬ್ಬ ನಿಂತು ಕೈ ತೋರಿಸಬೇಕು. ಕೊನೆಯ ಗಾಡಿ ಅವನ ಕಣ್ಣೆದುರು ದಾಟುವ ತನಕ ಜಾಗ ಬಿಡಕೂಡದು. ಇದಕ್ಕೆ ಕೈಮರದ ಪಾಳಿ ಎಂದು ಹೆಸರು. ಸಣ್ಣಪುಟ್ಟ ತಿರುವುಗಳಿಗೆ ಯಾರಾದರೂ ನಿಲ್ಲುತ್ತಿದ್ದರು. ತಪ್ಪಿದರೆ ಸಿಗಲಾರದಂಥ ದೊಡ್ಡ ಕ್ರಾಸುಗಳೆಲ್ಲ ಕಾಕಾನವು. ಪಾಳಿ ಅಂದರೆ ಸರದಿ ಎಂದು ಯಾರೂ ಅವನಿಗೆ ತಿಳಿಸಿ ಹೇಳಲಿಲ್ಲ ಕಾಣುತ್ತದೆ. ಒಮ್ಮೆ ನಿಂತ, ನಿಂತೇಬಿಟ್ಟ.

ನಿಲ್ಲುವುದೆಂದರೆ ಹೇಗೆ! ಬಲಗೈ ಭುಜದ ಮಟ್ಟಕ್ಕೆ ಚಾಚಿ, ಬೆರಳುಗಳನ್ನು ಜೋಡಿಸಿ, ಅಲುಗಾಡದೆ. ಕೈ ಸೋತರೆ ತಿರುಗಿ ನಿಂತು ಎಡಗೈ. ಒಮ್ಮೆ ಬಮ್ಮಿಗಟ್ಟಿ ಕಡೆಯ ಕ್ರಾಸಿನಲ್ಲಿ ಹೀಗೆ ನಿಂತಿದ್ದಾಗ ಒಂದು ಮದುವೆಯ ಟೆಂಪೋ ಬಂತು. ಹೆಣ್ಣಿನ ಕಡೆಯವರು ದಾರಿ ತೋರಿಸಲು ಆಳು ನಿಲ್ಲಿಸಿದ್ದಾರೆ, ಎಂಥ ಮರ್ಯಾದೆಯ ಮಂದಿ ಎಂದುಕೊಂಡು ಡ್ರೈವರು ಕಾಕಾನ ಕೈ ತೋರಿಸಿದ ದಾರಿಯನ್ನೇ ಹಿಡಿದ. ಮುಂದೆ ಹಳ್ಳಿಯಲ್ಲಿ ಚಪ್ಪರ ಕಂಡಿತು, ವಾಲಗ ಕೇಳಿಸಿತು, ಇಳಿದರು. ಅದು ಕುಬಸದ ಮನೆ! ಏಳು ತಿಂಗಳ ಬಸುರಿ ಹಸಿರು ಸೀರೆಯುಟ್ಟು ಕುಳಿತಿದ್ದಾಳೆ, ಎದುರಿಗೆ ಬಾಶಿಂಗ ಕಟ್ಟಿದ ಮದುಮಗ ನಿಂತಿದ್ದಾನೆ. ಬಂದವರಿಗೆ ಊಟ ಹಾಕದೆ ಕಳಿಸುವ ಊರು ಅದಲ್ಲ. ನಿಜ ಗೊತ್ತಾಗುವಷ್ಟರಲ್ಲಿ ಎರಡನೇ ಪಂಕ್ತಿ ಎದ್ದಿತ್ತು. ಅತ್ತ ಮುಹೂರ್ತ ಮೀರಿ ಹೋಯಿತು. ಮರುದಿನ ಜಗಳಕ್ಕೆ ಬಂದವರ ಎದುರು ಕಾಕಾನದು ಒಂದೇ ವಾದ: ತಾನು ಕೈ ಮಾಡಿದ್ದು ತನ್ನ ಮಂದಿಗೆ, ಅದನ್ನು ನೋಡಿಕೊಂಡು ಹೋಗಿ ಎಂದು ಇವರಿಗೆ ತಾನು ಹೇಳಿರಲಿಲ್ಲ. ಯೋಚಿಸಿ ನೋಡಿ, ಇದನ್ನು ಮುರಿಯಲು ನನಗೂ ಆಗಿಲ್ಲ.

ಇನ್ನೊಂದು ಸಲ ಕಲಘಟಗಿ ಕಡೆ ಹೋದಾಗ ಮಾಸ್ತರರ ಗಾಡಿ ಅರ್ಧ ದಾರಿಯಲ್ಲಿ ಕೆಟ್ಟಿತು. ಅವರು ಯಾವುದೋ ಗೂಡ್ಸ್ ಗಾಡಿಯಲ್ಲಿ ಬೈಕು ಹಾಕಿಕೊಂಡು ಮನೆಗೆ ಹೋಗಿ ಮಲಗಿಬಿಟ್ಟರು. ಕಾಕಾ ಕ್ರಾಸಿನಲ್ಲೇ ನಿಂತಿದ್ದ. ಅಧ್ಯಕ್ಷರು ಫೋನ್ ಮಾಡಿ ಬಾ ಎಂದರು. ಮಾಸ್ತರರೇ ಫೋನ್ ಮಾಡಿ ತಾನು ಮನೆಯಲ್ಲಿದ್ದೇನೆ ಎಂದರು.

“ಇರಬಹುದು. ನನ್ನ ಮುಂದ ದಾಟಿಲ್ಲ ನೀ,” ಎಂದ ಕಾಕಾ.

ಬೇರೆಯವರಾಗಿದ್ದರೆ ಬೈದು ಫೋನ್ ಇಡುತ್ತಿದ್ದರು. ಮಾಸ್ತರರು ಅಂಗಿ ಹಾಕಿಕೊಂಡು ಬಸ್ಸು ಹತ್ತಿದರು, ಹುಬ್ಬಳ್ಳಿಯಲ್ಲಿ ಇನ್ನೊಂದು ಬಸ್ಸು ಹಿಡಿದರು, ಮಧ್ಯಾಹ್ನದ ಉರಿಯಲ್ಲಿ ಕ್ರಾಸಿಗೆ ಹತ್ತು ಮಾರು ಹಿಂದೆಯೇ ಇಳಿದು, ಕಾಕಾನ ಮುಂದೆ ನಡೆದು ದಾಟಿದರು. “ದಾಟೀನಿ ನೋಡಪಾ. ಹಾಜರಿ ಹಾಕ್ಕೋ.” ಆಮೇಲೆ ಕಾಕಾ ಕೈ ಇಳಿಸಿದ. ಇಬ್ಬರೂ ಒಂದೇ ಗಾಡಿಯಲ್ಲಿ ಊರಿಗೆ ಬಂದರು. ಇಬ್ಬರಲ್ಲಿ ಯಾರ ತಲೆ ಹೆಚ್ಚು ಕೆಟ್ಟಿತ್ತು ಎಂಬುದು ಒಳ್ಳೆಯ ಚರ್ಚಾವಿಷಯವಾದೀತು. ಈಗ ಚರ್ಚೆಗೆ ಕೂರುವ ಮನಸ್ಸಿಲ್ಲ.

ಇದೇ ಕಾಕಾ ನನ್ನ ಪ್ರತಿ ಸ್ಪರ್ಧೆಗೂ ಬೈಕಿನ ಹಿಂದೆ ಕೂರಿಸಿಕೊಂಡು ಒಯ್ಯುತ್ತಿದ್ದ. ಕೊನೆಯ ಸಾಲಿನಲ್ಲಿ ಕುಳಿತು, ನಾನು ಸೋತರೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಸೋತೆನಲ್ಲ ಕಾಕಾ ಎಂದರೆ, ಅದು ಅವರ ತೀರ್ಪು, ಮಾತು ಮಾತ್ರ ನಿನ್ನದೇ ಉದ್ದ ಇತ್ತು ಅನ್ನುತ್ತಿದ್ದ. ನನಗೆ ಸ್ವಂತ ಬೈಕು ಬಂದ ಮೇಲೆ ಕ್ಲಬ್ಬಿಗೆ ಸೇರಿಸಿದವನೂ ಅವನೇ. ಸೇರಿ ನಾನು ಮಾಡಿದ ಮೊದಲ ಘನಕಾರ್ಯ ಯಾವುದು ಗೊತ್ತೇ? ಕೈಮರದ ಪಾಳಿಯನ್ನೇ ತೆಗೆದುಹಾಕಬೇಕೆಂದು ವಾದ ಹೂಡಿದ್ದು.

ಸಭೆ ನಡೆದದ್ದು ಅಧ್ಯಕ್ಷರ ಅಂಗಡಿಯ ಹಿತ್ತಲಲ್ಲಿ. ಎಲ್ಲರೂ ಹಳೆ ಟೈರುಗಳ ಮೇಲೆ ಕುಳಿತಿದ್ದರು. ನಾನು ನಿಂತು ಮೂರು ಅಂಶ ಹೇಳಿದೆ. ಒಂದು, ಎಲ್ಲರ ಫೋನಿನಲ್ಲೂ ನಕಾಶೆ ಇದೆ. ಎರಡು, ಗ್ರೂಪಿನಲ್ಲಿ ಯಾರು ಎಲ್ಲಿದ್ದಾರೆಂದು ಚುಕ್ಕಿ ಕಾಣಿಸುತ್ತದೆ. ಮೂರನೆಯದನ್ನು ದನಿ ತಗ್ಗಿಸಿ ಹೇಳಿದೆ, ಹಾಗೆ ಹೇಳಿದರೆ ನಾಟುತ್ತದೆಂದು ಅನುಭವದಿಂದ ಗೊತ್ತು: ನಮಗೆ ದಾರಿ ತೋರಿಸುವ ಒಬ್ಬ ಮನುಷ್ಯ ಒಂಬತ್ತು ವರ್ಷದಿಂದ ತಣ್ಣಗಾದ ಉಪ್ಪಿಟ್ಟು ತಿನ್ನುತ್ತಿದ್ದಾನೆ, ನಾವು ಅದನ್ನು ನೋಡುತ್ತ ಬಿಸಿ ತಿನ್ನುತ್ತಿದ್ದೇವೆ. ನಾಟಿತು. ಸುಳ್ಳೂ ಆಗಿರಲಿಲ್ಲ, ಅವನು ಬಿಸಿ ತಿನ್ನಲಿ ಎಂಬ ಆಸೆ ನನಗೆ ನಿಜವಾಗಿಯೂ ಇತ್ತು.

ಮಾಸ್ತರರು ನಕ್ಕು, ಇನ್ನು ಮೇಲೆ ಯಾರ ಹೊಲದಲ್ಲಿ ಎಷ್ಟು ಹೊತ್ತು ನಿಂತೆನೆಂದು ಹೆಂಡತಿಗೂ ಗೊತ್ತಾಗುತ್ತದೆ ಎಂದರು. ಕಾಕಾ ಒಂದೇ ಪ್ರಶ್ನೆ ಕೇಳಿದ.

“ಫೋನ್ ನಿಂದರತೈತೇನಲೇ?”

“ಅದು ನಿಂದ್ರೂದ ಬೇಕಾಗಿಲ್ಲ ಕಾಕಾ. ಅದರಾಗ ಎಲ್ಲಾರೂ ಕಾಣಸ್ತಾರ.”

ಎಲ್ಲರೂ ನಕ್ಕರು. ಎದುರು ಪಕ್ಷದ ಒಂದೇ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಹೊಡೆದುಹಾಕಿದ ಖುಷಿಯಲ್ಲಿ ನಾನೂ ನಕ್ಕೆ.

ನಮ್ಮ ಕ್ಲಬ್ಬಿನಲ್ಲಿ ಒಪ್ಪಿಗೆ ಇದ್ದವರು ತಮ್ಮ ಗಾಡಿಯ ಕೀಲಿಕೈಯನ್ನು ನಡುವೆ ಮಲಗಿಸಿದ ಗಾಲಿಯ ರಿಮ್ಮಿನ ಮೇಲೆ ಇಡಬೇಕು. ನನ್ನದೂ ಸೇರಿ ಐದು ಬಿದ್ದವು. ಐದು ಜೇಬಿನಲ್ಲೇ ಉಳಿದವು. ಉಳಿದವನು ಕಾಕಾ. ಅವನು ಎದ್ದು ಬಂದ. ರಿಮ್ಮಿನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ಕೀಲಿಕೈ ಇಟ್ಟು ಹೋಗಿ ಕುಳಿತ. ಎಂಥ ಗಟ್ಟಿ ಆಳನ್ನೂ ಒಲಿಸಿಬಿಟ್ಟೆ ಎಂದು ಬೀಗಿದೆ ನಾನು.

ಅದರ ಮುಂದಿನ ಭಾನುವಾರ ಯರಗುಪ್ಪಿ ಕಡೆ ಹೊರಟೆವು. ಹಿಂದಿನ ಸಂಜೆ ಮಳೆಯಾಗಿತ್ತು. ಯರಗುಪ್ಪಿ ದಾಟಿದ ಮೇಲೆ ಒಂದು ಕಡೆ ಮೂರು ದಾರಿ ಒಡೆಯುತ್ತವೆ, ಮೂರೂ ನೋಡಲು ಒಂದೇ. ಅಲ್ಲಿಗೆ ಬಂದಾಗ ಕಾಕಾ ಹಳೆಯ ಚಾಳಿಯಂತೆ ಗಾಡಿ ಬಾಜು ತೆಗೆದುಕೊಂಡ. ನಾನು ಹಾರ್ನು ಹೊಡೆದು, ನಡಿ ಕಾಕಾ ಎಂದೆ. ಹೊರಟ. ಹೋಟೆಲಿನಲ್ಲಿ ಮೊದಲ ತಟ್ಟೆ ತಂದು ಅವನ ಕೈಗೆ ಕೊಟ್ಟವನು ನಾನು.

ಎರಡು ತುತ್ತು ತಿಂದು ಮಾಸ್ತರ ಎಲ್ಲಿ ಎಂದು ಕೇಳಿದ. ಫೋನು ನೋಡಿದೆ. ಚುಕ್ಕಿ ಆ ಕ್ರಾಸಿನ ಮೇಲೇ ಇತ್ತು. ಹೊಲ ನೋಡುತ್ತ ನಿಂತಿದ್ದಾರೆ, ನೀನು ತಿನ್ನು ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ. ಚುಕ್ಕಿ ಅಲ್ಲೇ ಇತ್ತು. ಅಲ್ಲೇ ಇದ್ದಾರೆ ಎಂದೆ. ಮೂರನೇ ಸಲ ಅವನು ಕೇಳಲಿಲ್ಲ. ತಟ್ಟೆ ಇಟ್ಟು ಗಾಡಿ ಚಾಲೂ ಮಾಡಿದ.

ಕ್ರಾಸಿನಿಂದ ಹೊಲಗಳ ಕಡೆ ಸಿಗ್ನಲ್ ಇರಲಿಲ್ಲ, ಚುಕ್ಕಿ ಕೊನೆಯ ಸಲ ಕಂಡ ಜಾಗದಲ್ಲೇ ನಿಂತುಬಿಟ್ಟಿತ್ತು. ಮಾಸ್ತರರು ದಾರಿ ತಪ್ಪಿ ಹೊಲದ ದಾರಿ ಹಿಡಿದಿದ್ದರು. ಗಾಲಿಗೆ ಎರಿ ಮಣ್ಣು ಮೆತ್ತಿ, ಹಳ್ಳದ ಇಳಿಜಾರಿನಲ್ಲಿ ಜಾರಿ, ಗಾಡಿ ಎದೆಯ ಮೇಲೆ ಬಿದ್ದಿತ್ತು. ಮೊದಲು ಹುಡುಕಿದವನು ಕಾಕಾ. ಗಾಡಿ ಎತ್ತಿ ತೆಗೆದವನು ಕಾಕಾ. ಟ್ರ್ಯಾಕ್ಟರಿನಲ್ಲಿ ಮುಖ್ಯ ರಸ್ತೆಯ ತನಕ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತವನೂ ಅವನೇ. ಉಪ್ಪಿಟ್ಟಿನ ಕಥೆ ಹೇಳುವವರು ಇಷ್ಟನ್ನೂ ಬಿಟ್ಟು ಹೇಳುತ್ತಾರೆ. ಹುಬ್ಬಳ್ಳಿ ಮುಟ್ಟುವ ಮೊದಲೇ ಮಾಸ್ತರರು ಹೋದರು. ಇನ್ನಷ್ಟು ಬೇಗ ಸಿಕ್ಕಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಮೂರು ಸಲ ಕೇಳಿದೆ. ಹೇಳಲಾಗದು ಎಂದರು. ಹೇಳಲಾಗದ್ದನ್ನು ನಂಬುವವನಲ್ಲ ನಾನು. ಆದರೆ ಆ ದಿನದಿಂದ ಅದೊಂದೇ ನನ್ನನ್ನು ಬಿಟ್ಟಿಲ್ಲ.

ಕಾಕಾ ಆಮೇಲೆ ಗಾಡಿ ಹೊರಗೆ ತೆಗೆಯಲಿಲ್ಲ. ಅವನ ಕೀಲಿಕೈಯಿಂದಲೇ ಪದ್ಧತಿ ಹೋಯಿತು, ಅವನೇ ಮೊದಲು ತಿಂದ, ಈ ಎರಡನ್ನು ಜೋಡಿಸಿ ಊರು ತೀರ್ಪು ಕೊಟ್ಟಿತು. ದಲಾಲಿ ಅಂಗಡಿಯಲ್ಲಿ ಒಬ್ಬರು ಅವನ ಮುಖದ ಮೇಲೇ ಅಂದರಂತೆ. ಹೌದ್ರಿ ಎಂದು ತೂಕದ ಕಲ್ಲು ಬದಲಿಸಿದನಂತೆ. ಅಷ್ಟೇ.

ಕಳೆದ ತಿಂಗಳು ಅವನ ಹೆಸರು ಕ್ಲಬ್ಬಿನಿಂದ ತೆಗೆಯಬೇಕೆಂದು ಸಭೆ ಸೇರಿತು. ನಾನು ನಿಂತೆ. ಈ ಸಲ ಅಂಶಗಳನ್ನು ಜೋಡಿಸಿಕೊಂಡಿರಲಿಲ್ಲ. ಪಾಳಿ ತೆಗೆಸಿದವನು ನಾನು, ಹಾರ್ನು ಹೊಡೆದವನು ನಾನು, ತಟ್ಟೆ ಕೊಟ್ಟವನು ನಾನು, ಅಲ್ಲೇ ಇದ್ದಾರೆ ಎಂದು ಎರಡು ಸಲ ಹೇಳಿದವನೂ ನಾನು ಎಂದೆ. ಯಾರೂ ನಗಲಿಲ್ಲ. ಅಧ್ಯಕ್ಷರು ಸಿಟ್ಟೂ ಮಾಡಿಕೊಳ್ಳಲಿಲ್ಲ.

“ಕಾಕಾನ ಮ್ಯಾಲಿನ ಪ್ರೀತಿಗೆ ಹೇಳಾಕತ್ತಿ, ತಿಳೀತೈತಿ. ಆದ್ರ ತಮ್ಮಾ, ನೀ ಮಾತಿನ್ಯಾಗ ಭಾಳ ಗಟ್ಟಿ. ಅವತ್ತೂ ನಿನ್ನ ಮಾತು ಖರೇನ ಅನಿಸಿತ್ತು ನಮಗ.”

ಕುಳಿತೆ. ಹೆಸರು ತೆಗೆದರು.

ಸುದ್ದಿ ಹೇಳಲು ಅವನ ಮನೆಗೆ ಹೋದೆ. ಕಾಕಾ ಅಂಗಡಿಯಿಂದ ಇನ್ನೂ ಬಂದಿರಲಿಲ್ಲ. ಅವನ ಹೆಂಡತಿ, ನನ್ನ ಚಿಗವ್ವ, ಒಳಗೆ ಕರೆದು ಕೂರಿಸಿದಳು. ಸಭೆಯಲ್ಲಿ ಆದದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ನಿಧಾನಕ್ಕೆ ಹೇಳಿದಳು. ಮಾಸ್ತರರನ್ನು ಮಣ್ಣು ಮಾಡಿದ ಮರುದಿನವೇ ಅವಳಿಗೆ ಎಲ್ಲ ಗೊತ್ತಾಗಿತ್ತಂತೆ. ನಿಜ ಹೇಳಿಬಿಡು, ನಿನ್ನ ಮೇಲೆ ಯಾಕೆ ಹಾಕಿಕೊಳ್ಳುತ್ತಿ ಎಂದು ಗಂಡನೊಂದಿಗೆ ಜಗಳ ಮಾಡಿದಳಂತೆ. ಅವನು ಅಂದದ್ದು ಇಷ್ಟೇ:

“ಬ್ಯಾಡ. ನಮ್ಮ ಹುಡುಗ ಇನ್ನೂ ಭಾಳ ಕಡೆ ನಿಂತು ಮಾತಾಡಬೇಕಾಗೈತಿ.”

ಅಷ್ಟರಲ್ಲಿ ಕಾಕಾ ಬಂದ. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ನನ್ನ ಎದುರು ಕುಳಿತ. ಸಭೆ ಏನಾಯಿತೆಂದು ಕೇಳಲಿಲ್ಲ. ಊಟ ಮಾಡಿದೆಯಾ ಎಂದು ಕೇಳಿದ. ನಾನು ಬೇರೆಯದನ್ನು ಕೇಳಿದೆ.

“ಕಾಕಾ, ಅವತ್ತ ನನ್ನ ಮಾತು ನಿನಗ ಖರೇನ ಒಪ್ಪಿಗಿ ಆಗಿತ್ತೋ, ಇಲ್ಲಾ ನಾ ಸೋಲಬಾರದಂತ ಕೀಲಿಕೈ ಇಟ್ಟಿಯೋ?”