ನಾಲ್ಕನೇ ನಂಬರ್ ಬಸ್ಸಿನ ಸಹಿ

ಈ ವರ್ಷ ಜೂನ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಪಿರಿಯಾಪಟ್ಟಣದ ನಮ್ಮ ಶಾಲೆಯ ನಾಲ್ಕನೇ ನಂಬರ್ ಬಸ್ಸು ಹೊತ್ತಿಗೆ ಸರಿಯಾಗಿ ಹೊರಡಲಿಲ್ಲ. ಬಸ್ಸು ಕೆಟ್ಟಿರಲಿಲ್ಲ. ಡೀಸೆಲ್ ಇತ್ತು, ಡ್ರೈವರ್ ಸೀಟಿನಲ್ಲಿ ಕೂತಿದ್ದರು, ಬೈಲಕುಪ್ಪೆ ರಸ್ತೆಯುದ್ದಕ್ಕೂ ನಲವತ್ತು ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ಕಾಯುತ್ತಿದ್ದರು. ಬಸ್ಸನ್ನು ನಿಲ್ಲಿಸಿದವನು ನಾನು. ಒಂದು ರಿಜಿಸ್ಟರಿನ ಒಂದು ಖಾನೆಯಲ್ಲಿ ಒಂದು ಸಹಿ ಇರಲಿಲ್ಲ, ಅದೇ ಕಾರಣ.

ಇದು ಓದುವವರಿಗೆ ಹುಚ್ಚಾಟವೆನಿಸಬಹುದು. ಆ ಬೆಳಿಗ್ಗೆ ಫೋನ್ ಮಾಡಿದ ತಂದೆತಾಯಿಗಳಿಗೂ ಹಾಗೆಯೇ ಅನಿಸಿತು. ಆದರೆ ನಾನು ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಯುದ್ಧವಿಮಾನಗಳ ಎಂಜಿನ್ ವಿಭಾಗದಲ್ಲಿದ್ದವನು. ಅಲ್ಲಿ ಒಂದು ಬೋಲ್ಟು ತಿರುಗಿಸಿದರೂ ತಿರುಗಿಸಿದವನು ಸಹಿ ಹಾಕಬೇಕು, ಅದನ್ನು ಪರೀಕ್ಷಿಸಿದವನು ಸಹಿ ಹಾಕಬೇಕು, ಕೊನೆಗೆ ಪೈಲಟ್ ಬಂದು ಒಪ್ಪಿಕೊಂಡೆ ಎಂದು ಸಹಿ ಹಾಕಬೇಕು. ಮೂರೂ ಆಗುವ ತನಕ ವಿಮಾನ ಎನ್ನುವುದು ಶೆಡ್ಡಿನಲ್ಲಿ ನಿಂತ ಒಂದಿಷ್ಟು ಲೋಹ. ನನಗೆ ಮೊದಲ ಸಲ ಸಹಿ ಹಾಕುವ ಅಧಿಕಾರ ಸಿಕ್ಕ ದಿನ ಹೆಮ್ಮೆಯಿಂದ ಊರಿಗೆ ಕಾಗದ ಬರೆದೆ. ಅವ್ವ ಅದನ್ನು ಮಾವನ ಕೈಲಿ ಓದಿಸಿಕೊಂಡು, ಅವನ ಕೈಲೇ ಉತ್ತರ ಬರೆಸಿದಳು. ಏನು ಬರೆದಿದೆ ಎಂದು ಓದಿಕೊಂಡೇ ಸಹಿ ಹಾಕಿದೆಯೋ ಇಲ್ಲವೋ ತಿಳಿಸು ಎಂದಿತ್ತು. ನನಗೆ ನಗು ಬಂತು. ನಾನು ಸಹಿ ಹಾಕಿದ ವಿಮಾನ ಮೇಲೆ ಹೋದರೆ ಅದು ಇಳಿಯುವ ತನಕ ಕೈಯಲ್ಲಿ ಹಿಡಿದ ಟೀ ಹಾಗೇ ಆರುತ್ತಿತ್ತು. ಕಣ್ಣಾರೆ ನೋಡದೆ ಒಂದು ಸಹಿಯನ್ನೂ ಹಾಕಿದವನಲ್ಲ ಎಂಬ ಮಾತನ್ನು ನಿವೃತ್ತನಾದ ಮೇಲೆ ಹಲವರಿಗೆ ಹೇಳಿದ್ದೇನೆ. ಕೇಳಿದವರು ತಲೆಯಾಡಿಸಿ, ಮಿಲಿಟರಿ ಕ್ಯಾಂಟೀನಿನಲ್ಲಿ ರಮ್ ಈಗಲೂ ಮೊದಲಿನ ರೇಟಿಗೇ ಸಿಗುತ್ತದೆಯೇ ಎಂದು ವಿಚಾರಿಸುತ್ತಾರೆ.

ಹೊರಗಿನ ಕೆಲಸ ಹುಡುಕುವುದು ಎಂಜಿನ್ ಬಿಚ್ಚಿ ಜೋಡಿಸುವುದಕ್ಕಿಂತ ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಕೆ.ಆರ್. ನಗರದ ಅಕ್ಕಿ ಗಿರಣಿಯೊಂದರ ಮಾಲೀಕರು ನನ್ನ ಎರಡು ಪುಟದ ಅನುಭವಪತ್ರವನ್ನು ಬಹಳ ಗೌರವದಿಂದ ಓದಿ, ಗೇಟಿನ ಸೆಕ್ಯೂರಿಟಿಯಾಗಿ ತೆಗೆದುಕೊಳ್ಳಲು ಒಪ್ಪಿದರು. ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಟ್ರ್ಯಾಕ್ಟರ್ ಗ್ಯಾರೇಜು ಇಟ್ಟಿರುವವರೊಬ್ಬರು ಜೆಟ್ ಎಂಜಿನ್ ಎಷ್ಟು ಎಚ್‌ಪಿ ಎಂದು ಕೇಳಿದರು. ಅದನ್ನು ಎಚ್‌ಪಿಯಲ್ಲಿ ಹೇಳುವುದಿಲ್ಲ ಎಂದು ವಿವರಿಸಲು ಶುರು ಮಾಡಿದೆ. ಅಷ್ಟರಲ್ಲಿ ಅವರಿಗೆ ಗಿರಾಕಿ ಬಂದರು. ಕೊನೆಗೆ ಸಿಕ್ಕಿದ್ದು ಈ ಶಾಲೆ. ಸಂದರ್ಶನದಲ್ಲಿ ಶಾಲೆಯ ಕಾರ್ಯದರ್ಶಿಗಳು ಕೇಳಿದ್ದು ಒಂದೇ ಪ್ರಶ್ನೆ, ಮಕ್ಕಳೆದುರು ಬೀಡಿ ಸೇದುತ್ತೀರಾ ಎಂದು. ಇಲ್ಲ ಎಂದೆ. ಆರು ಬಸ್ಸುಗಳ ಮೇಲ್ವಿಚಾರಕನಾದೆ. ಗುಮಾಸ್ತರು ಅರ್ಜಿಯಲ್ಲಿ ‘ಅನುಭವ’ ಎಂಬುದರ ಮುಂದೆ ‘ಇದೆ’ ಎಂದು ಬರೆದುಕೊಂಡರು.

ನಾನು ತಂದ ಮೊದಲ ಸುಧಾರಣೆಯೇ ಆ ರಿಜಿಸ್ಟರ್. ಬೆಳಿಗ್ಗೆ ಡ್ರೈವರ್ ಬ್ರೇಕು, ಸ್ಟೀರಿಂಗು, ಚಕ್ರದ ನಟ್ಟು ಎಲ್ಲ ನೋಡಿ ಮೊದಲ ಖಾನೆಯಲ್ಲಿ ಸಹಿ ಹಾಕಬೇಕು. ನಾನು ಮತ್ತೊಮ್ಮೆ ನೋಡಿ ಎರಡನೇ ಖಾನೆಯಲ್ಲಿ ಹಾಕಬೇಕು. ಎರಡು ಸಹಿ ಬೀಳದ ಬಸ್ಸು ಗೇಟು ದಾಟುವಂತಿಲ್ಲ. ಶಾಲೆ ಶುರುವಾದ ದಿನ ಇದನ್ನು ಡ್ರೈವರುಗಳಿಗೆಲ್ಲ ವಿವರಿಸಿದೆ. ಮಾರನೆಯ ದಿನ ರಿಜಿಸ್ಟರ್ ತೆರೆದರೆ, ಎರಡನೇ ನಂಬರ್ ಬಸ್ಸಿನ ಡ್ರೈವರ್ ಪುಟ್ಟರಾಜು ಜೂನ್ ಮೂವತ್ತರವರೆಗೆ ಸಹಿ ಹಾಕಿಟ್ಟಿದ್ದ. ಭಾನುವಾರಗಳಿಗೂ ಹಾಕಿದ್ದ. ಕರೆಸಿ ಕೇಳಿದೆ.

“ದಿನಾ ಯಾಕ್ ಸಾ ನಿಮ್ಗೂ ತೊಂದ್ರೆ, ನಂಗೂ ತೊಂದ್ರೆ,” ಎಂದ. “ಒಂದೇ ಕಿತ ಕೂತ್ಕಂಡು ಮುಗುಸ್ಬುಟ್ಟೆ.”

ಆ ಹಾಳೆ ಹರಿದು ಹೊಸದು ಕೊಟ್ಟೆ. ಮುಂದೆ ಅವನೂ ಉಳಿದ ನಾಲ್ವರೂ ದಿನದ ಸಹಿಯನ್ನು ದಿನವೇ ಹಾಕತೊಡಗಿದರು. ಹಾಕದೆ ಉಳಿದವರು ನಾಲ್ಕನೇ ನಂಬರಿನ ಸ್ವಾಮಣ್ಣ ಒಬ್ಬರೇ. ಐವತ್ತು ದಾಟಿದ ಇವರು ಮಿರ್ಲೆ ಕಡೆಯವರು, ಹೆಂಡತಿಯ ಊರೆಂದು ಪಿರಿಯಾಪಟ್ಟಣಕ್ಕೆ ಬಂದು ನೆಲೆಸಿದವರು. ನಾನು ಬೆಳಿಗ್ಗೆ ಆರಕ್ಕೆ ಹೋದರೆ ಅವರ ಕಾಲುಗಳು ಮಾತ್ರ ಬಸ್ಸಿನಡಿಯಿಂದ ಕಾಣುತ್ತಿದ್ದವು. ಸಣ್ಣ ಸುತ್ತಿಗೆಯಿಂದ ಚಕ್ರದ ಒಂದೊಂದೇ ನಟ್ಟನ್ನು ತಟ್ಟಿ, ಕಿವಿಗೊಟ್ಟು ಕೇಳಿ, ಮುಂದಿನದಕ್ಕೆ ಹೋಗುತ್ತಿದ್ದರು. ಸಹಿ ಎಂದಾಗ ಮಾತ್ರ, “ಕನ್ನಡ್ಕ ಮನೇಲೇ ಬುಟ್ ಬಂದಿವ್ನಿ ಸಾ,” ಎನ್ನುತ್ತಿದ್ದರು. ಅವರಿಗೆ ಕನ್ನಡಕ ಇಲ್ಲವೆಂದು ಗೊತ್ತಾಗಲು ನನಗೆ ಒಂದು ವಾರ ಹಿಡಿಯಿತು. ಅವರ ಪಾಲಿನ ಖಾನೆ ಒಂದು ವಾರ ಖಾಲಿಯೇ ಇತ್ತು, ನಾಳೆ ಹಾಕುತ್ತಾರೆಂದು ನಾನೂ ಬಸ್ಸು ಬಿಡುತ್ತಿದ್ದೆ. ಆ ಸೋಮವಾರ ನಾನು ನಿಯಮ ಎಂದರೆ ನಿಯಮ ಎಂದು ಗೇಟಿನ ಬೀಗ ತೆಗೆಸಲಿಲ್ಲ.

ಏಳೂವರೆಗೆ ಕಾರ್ಯದರ್ಶಿಗಳೇ ಕಾರಿನಲ್ಲಿ ಬಂದರು. “ಏನ್ರೀ ಮಿಲ್ಟ್ರಿಯವರೇ, ಇದು ಬೈಲಕುಪ್ಪೆಗೆ ಹೋಗೋ ಬಸ್ಸು ಕಣ್ರೀ, ಯುದ್ಧಕ್ಕೇನೂ ಹೋಗ್ತಿಲ್ಲ,” ಎಂದು ತಾವೇ ಬೀಗ ತೆಗೆಸಿದರು. ಬಸ್ಸು ಹೋದ ಮೇಲೆ ಕೊಠಡಿಗೆ ಕರೆದು ಶಾಂತವಾಗಿ ಮಾತಾಡಿದರು. ರಿಜಿಸ್ಟರ್ ಒಳ್ಳೆಯದೇ, ಹಿಂದೆ ಇದ್ದವರು ಇಷ್ಟೂ ಮಾಡಿರಲಿಲ್ಲ ಎಂದರು. ಹಟ ಮಾಡುವ ಡ್ರೈವರ್ ನಮಗೆ ಬೇಡ, ಶನಿವಾರದೊಳಗೆ ಅವನು ಸಹಿ ಹಾಕಲಿ, ಇಲ್ಲವಾದರೆ ಸೋಮವಾರದಿಂದ ಬೇರೆಯವರನ್ನು ನೋಡಿ ಎಂದರು. ಸ್ವಾಮಣ್ಣನ ಮಗಳು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಳೆ, ಸಿಬ್ಬಂದಿಯ ಮಕ್ಕಳಿಗೆ ಅರ್ಧ ಫೀಸು. ಅಪ್ಪನ ಕೆಲಸ ಹೋದರೆ ಅವಳ ಶಾಲೆಯೂ ಹೋಗುತ್ತದೆ. ಬಸ್ಸುಗಳಲ್ಲಿ ಏನೂ ಆಗಬಾರದೆಂದು ನಾನು ತಂದ ರಿಜಿಸ್ಟರಿನಿಂದ ಆಗಲಿದ್ದ ಮೊದಲ ಸಂಗತಿ ಇದು.

ಅಂದು ಮಧ್ಯಾಹ್ನ ಶೆಡ್ಡಿನಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದ ಸ್ವಾಮಣ್ಣನ ಹತ್ತಿರ ಹೋದೆ. ಶನಿವಾರದ ಗಡುವನ್ನು ತಿಳಿಸಿದೆ. ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ. ನಾನು ಸಹಿಯ ಮಹತ್ವ, ವಿಮಾನ, ಮೂರು ಖಾನೆ ಎಲ್ಲವನ್ನೂ ಮತ್ತೆ ಹೇಳಿದೆ. ಕೇಳಿಸಿಕೊಂಡರು. ಕೈ ತೊಳೆದುಕೊಂಡು ಬಂದು ಕೂತ ಮೇಲೆ ಮಾತಾಡಿದರು.

“ನಮ್ಮಪ್ಪ ಜೀವಮಾನದಲ್ಲಿ ಒಂದೇ ಒಂದು ಸೈನ್ ಹಾಕಿದ್ದ ಸಾ. ಯಾರ್ದೋ ಜಮೀನು, ಯಾರ್ದೋ ಭಾಗ. ಸಾಕ್ಸಿಗೆ ಒಬ್ಬ ಬೇಕು ಬಾ ಅಂತ ಓಟ್ಲಿಗೆ ಕರುದ್ರು. ಕಾಪಿ ಕುಡುದು ಸೈನ್ ಹಾಕ್ದ. ಅಣ್ಣ ತಮ್ಮಂದ್ರು ಕಿತ್ತಾಡ್ಕಂಡ್ರು, ಅನ್ನೊಂದು ವರ್ಸ ಕೆ.ಆರ್. ನಗರದ ಕೋರ್ಟಿಗೆ ನಮ್ಮಪ್ಪ ಅಲೆದ. ಕೊನೆಗೆ ಅವ್ರು ಅವ್ರೇ ರಾಜಿ ಆದ್ರು. ಆ ಕಾಪಿ ವಸಿ ದುಬಾರಿ ಆಯ್ತು ಕಣ ಸಾ.”

ಆಮೇಲೆ ಅವರ ಮನೆಯಲ್ಲಿ ಯಾರೂ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲವಂತೆ. ಮೊದಲು ಸಂಬಳಕ್ಕೆ ಮಾತ್ರ ಹಾಕುತ್ತಿದ್ದರು, ಈಗ ಅದೂ ಬ್ಯಾಂಕಿಗೆ ಬರುತ್ತದೆ. ಆದರೆ ಇದು ಸಾಕ್ಷಿ ಅಲ್ಲ, ನೀವೇ ಮಾಡಿದ ಕೆಲಸಕ್ಕೆ ನಿಮ್ಮದೇ ಸಹಿ ಎಂದೆ.

“ಕೆಲ್ಸ ನಾನೇ ಮಾಡ್ತೀನಿ ಸಾ. ನಂಬ್ಕೆ ಇಲ್ದಿದ್ರೆ ಬಂದು ನೋಡಿ,” ಎಂದರು. “ಬರ್ದಿದ್ದ ನೋಡ್ಬೇಡಿ, ಬಸ್ ನೋಡಿ.”

ನಾನು ಎದ್ದು ಬಂದೆ. ನನಗೆ ಸ್ವಲ್ಪ ಸಿಟ್ಟೂ ಬಂದಿತ್ತೆಂದು ದಾಖಲಿಸುತ್ತೇನೆ. ಇಪ್ಪತ್ತು ವರ್ಷ ನಾನು ಮಾಡಿದ್ದು ನೋಡುವ ಕೆಲಸವೇ.

ಬುಧವಾರ ಬೆಳಿಗ್ಗೆ ಮಕ್ಕಳನ್ನು ಇಳಿಸಿ ಶೆಡ್ಡಿಗೆ ತಿರುಗುತ್ತಿದ್ದ ಎರಡನೇ ನಂಬರ್ ಬಸ್ಸನ್ನು ಸ್ವಾಮಣ್ಣ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಹಿಂದಿನ ಎಡಗಡೆ ಚಕ್ರ ಏನೋ ಹೇಳುತ್ತಿದೆ ಎಂದರು. ನನಗೆ ಏನೂ ಕೇಳಿಸಿರಲಿಲ್ಲ. ಜೆಟ್ ಎಂಜಿನ್ ಪಕ್ಕದಲ್ಲಿ ನಿಂತ ಕಿವಿ, ಬಹಳ ವಿಷಯಗಳನ್ನು ಅದು ಈಗ ಬಿಟ್ಟುಬಿಡುತ್ತದೆ. ಬಗ್ಗಿ ನೋಡಿದರೆ ಎರಡು ನಟ್ಟುಗಳು ಬೆರಳಲ್ಲೇ ತಿರುಗುತ್ತಿದ್ದವು. ಪುಟ್ಟರಾಜು ಬಸ್ಸಿನಿಂದ ಇಳಿದು ಬಂದ. ನಾನು ಅವನಿಗೆ ತಕ್ಕ ಪಾಠ ಹೇಳಲೆಂದು ರಿಜಿಸ್ಟರ್ ತರಿಸಿ ಎಲ್ಲರೆದುರು ತೆರೆದೆ. ಆ ದಿನದ ಸಾಲಿನಲ್ಲಿ ಅವನ ಸಹಿ ಇತ್ತು. ಅದರ ಪಕ್ಕದ ಖಾನೆಯಲ್ಲಿ, ಪರೀಕ್ಷಿಸಿದ್ದೇನೆ ಎಂಬಲ್ಲಿ, ನನ್ನದು ಇತ್ತು.

ಅದು ಹೇಗೆ ಬಿತ್ತೆಂದು ನೆನಪು ಮಾಡಿಕೊಂಡೆ. ಆರೂವರೆಯಿಂದ ಏಳರೊಳಗೆ ಆರು ಬಸ್ಸು ಹೊರಡಬೇಕು. ಮೊದಲ ಎರಡು ದಿನ ಆರರ ಅಡಿಯೂ ತೂರಿ ನೋಡಿದೆ. ಮೂರನೇ ದಿನ ಬೆನ್ನು ಹಿಡಿದುಕೊಂಡಿತು. ನಾಲ್ಕನೇ ದಿನದಿಂದ ಮೇಜಿನ ಮುಂದೆ ಕೂತು, ಡ್ರೈವರನ ಸಹಿ ಇದೆಯೇ ಎಂದು ನೋಡಿ ನನ್ನದನ್ನು ಹಾಕುತ್ತಿದ್ದೆ. ಸಹಿ ಇಲ್ಲದ ಬಸ್ಸನ್ನು ತಡೆದದ್ದೂ ಆ ಮೇಜಿನ ಮುಂದೆ ಕೂತೇ. ನಾನು ರಿಜಿಸ್ಟರನ್ನು ಮುಚ್ಚಿ ಸ್ಪ್ಯಾನರ್ ತರಲು ಹೇಳಿದೆ. ಸ್ವಾಮಣ್ಣ ನಟ್ಟು ಬಿಗಿ ಮಾಡಿಕೊಟ್ಟು, ಆ ಚಕ್ರಕ್ಕೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದರು. ಇದು ನೋಡಿ ಆಗಿದೆ ಎಂದು ತಿಳಿಯಲಿಕ್ಕೆ, ಅಷ್ಟೇ.

ಶುಕ್ರವಾರ ಕಾರ್ಯದರ್ಶಿಗಳ ಬಳಿ ಹೋಗಿ ನಿಯಮ ತಿದ್ದಿದ್ದೇನೆ ಎಂದೆ. ಡ್ರೈವರನ ಖಾನೆ ರದ್ದು. ಇನ್ನು ಮುಂದೆ ಅವರು ನೋಡಿದ ಪ್ರತಿ ಚಕ್ರಕ್ಕೂ ಗೀಟು ಎಳೆಯಬೇಕು, ನಾನು ಗೀಟು ನೋಡಿ, ನಟ್ಟು ಮುಟ್ಟಿ, ಆಮೇಲೆ ಸಹಿ ಹಾಕುತ್ತೇನೆ. ವಾಯುಪಡೆಯಲ್ಲೂ ಬಿಗಿ ಮಾಡಿದ ನಟ್ಟಿಗೆ ಬಣ್ಣದ ಗೀಟು ಎಳೆಯುವುದುಂಟು ಎಂದು ಸೇರಿಸಿದೆ. ಇದು ನಿಜ. ಎರಡನೇ ನಂಬರ್ ಬಸ್ಸಿನ ವಿಷಯವನ್ನು ಹೇಳಲಿಲ್ಲ. ಸ್ವಾಮಣ್ಣನಿಗೆ ಬದಲು ಡ್ರೈವರ್ ನೋಡುವ ಮಾತನ್ನು ಅವರೂ ಕೈಬಿಟ್ಟರು.

“ಹಾಗಾದ್ರೆ ಸೈನು ನಿಮ್ಮದೊಂದೇ?” ಎಂದು ಮಾತ್ರ ಕೇಳಿದರು.

ಹೌದೆಂದೆ. ಅವರ ಮುಖದಲ್ಲಿ ಸಮಾಧಾನ ಕಂಡಿತು.

ಅದು ಯಾಕೆಂದು ಮುಂದಿನ ಮಂಗಳವಾರ ತಿಳಿಯಿತು. ಗುಮಾಸ್ತರು ಒಂದು ಛಾಪಾ ಕಾಗದ ತಂದು ಕೊಟ್ಟರು. ಶಾಲೆಯ ಆರೂ ಬಸ್ಸುಗಳು ಎಲ್ಲ ರೀತಿಯಲ್ಲೂ ಸುಸ್ಥಿತಿಯಲ್ಲಿವೆಯೆಂದು ನಾನು ದೃಢೀಕರಿಸಿರುತ್ತೇನೆ, ಮುಂದೆ ಅವುಗಳಿಂದ ಏನೇ ಸಂಭವಿಸಿದರೂ ಅದಕ್ಕೆ ನಾನೊಬ್ಬನೇ ಹೊಣೆಯಾಗಿರುತ್ತೇನೆ, ಆಡಳಿತ ಮಂಡಳಿಗೆ ಸಂಬಂಧವಿರುವುದಿಲ್ಲ ಎಂದು ಅದರಲ್ಲಿ ಟೈಪಾಗಿತ್ತು. ಇಪ್ಪತ್ತು ವರ್ಷ ವಿಮಾನಕ್ಕೇ ಸಹಿ ಹಾಕಿದವರು, ಇದೇನು ಮಹಾ ಎಂದು ಕಾರ್ಯದರ್ಶಿಗಳು ಹೇಳಿ ಕಳಿಸಿದ್ದರು. ಸಂಜೆ ಮನೆಗೆ ತೆಗೆದುಕೊಂಡು ಹೋದೆ. ನನ್ನ ಹೆಂಡತಿ ಬೆಳ್ಳುಳ್ಳಿ ಸುಲಿಯುವುದನ್ನು ಬಿಟ್ಟು ಎರಡು ಸಲ ಓದಿದಳು.

“ಅಲ್ರೀ, ಪ್ಲೇನಿಗೆ ಎಷ್ಟು ಜನ ಹಾಕ್ತಿದ್ರಿ?” ಎಂದು ಕೇಳಿದಳು.

ಮೂವರು ಎಂದೆ. ಅವಳು ಕಾಗದ ಮಡಿಸಿ ನನ್ನ ಕೈಗೆ ಕೊಟ್ಟು ಬೆಳ್ಳುಳ್ಳಿಯ ಕಡೆ ತಿರುಗಿದಳು.

ಮಾರನೆಯ ಬೆಳಿಗ್ಗೆ ಶೆಡ್ಡಿನಲ್ಲಿ ನಾನೂ ಸ್ವಾಮಣ್ಣನೂ ನಾಲ್ಕನೇ ನಂಬರ್ ಬಸ್ಸಿನ ಹಿಂದಿನ ಚಕ್ರದ ಬಳಿ ಕೂತಿದ್ದಾಗ ಕಾರ್ಯದರ್ಶಿಗಳು ಬಂದರು. ಕಾಗದ ಏನಾಯಿತು, ಗುಮಾಸ್ತರು ಕಚೇರಿಯಲ್ಲಿ ಕಾಯುತ್ತಿದ್ದಾರೆ ಎಂದರು. ಪೆನ್ನನ್ನೂ ಮುಂದೆ ಹಿಡಿದರು. ಓದಿ ಹಾಕಬೇಕು, ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದೇನೆ ಎಂದೆ. ಸ್ವಾಮಣ್ಣ ತಲೆ ಎತ್ತಿ ನನ್ನ ಅಂಗಿಯ ಜೇಬನ್ನು ನೋಡಿದರು. ಕನ್ನಡಕದ ಒಂದು ಕಡ್ಡಿ ಹೊರಗೆ ಕಾಣುತ್ತಿತ್ತು. ಅವರು ಸುತ್ತಿಗೆ ಎತ್ತಿಕೊಂಡು ಮುಂದಿನ ಚಕ್ರಕ್ಕೆ ಹೋದರು.

ಛಾಪಾ ಕಾಗದ ಸಹಿಯಿಲ್ಲದೆ ನನ್ನ ಮೇಜಿನ ಡ್ರಾಯರಿನಲ್ಲಿದೆ. ನಾಲ್ಕನೇ ನಂಬರ್ ಬಸ್ಸು ಈ ದಿನ ಬೆಳಿಗ್ಗೆ ಆರು ಐವತ್ತಕ್ಕೆ ಹೊರಟಿತು. ಆರೂ ಚಕ್ರಗಳಿಗೆ ಆರು ಗೀಟುಗಳಿದ್ದವು.