ಮಲಗದ ಕೋಣೆ

ಕಂಬಣ್ಣನ ಪಜೀತಿಗೆಲ್ಲ ಕಾರಣ, ಅವನು ಕೂತರೆ ಕೂತಂತೆಯೇ ಇರುತ್ತಿದ್ದುದು. ಕಚೇರಿಯವರು ಆ ಹೆಸರಿಟ್ಟಿದ್ದೂ ಅದಕ್ಕೇ. ಕಂಪ್ಯೂಟರ್ ಚಿಪ್‌ನ ನಕ್ಷೆ ನೋಡಿ, ಕೆಲಸವಿಲ್ಲದಾಗಲೂ ಯಾವ ಭಾಗ ದಂಡಕ್ಕೆ ಕರೆಂಟು ತಿನ್ನುತ್ತಿದೆ ಎಂದು ಹುಡುಕುವುದು ಅವನ ಕೆಲಸ. ಅದಕ್ಕೆ ಕಣ್ಣು ಬೇಕು, ಕೈಕಾಲು ಬೇಡ.

ಅವತ್ತು ಬೆಳಿಗ್ಗೆಯಿಂದ ಕಚೇರಿಯಲ್ಲೂ ಕರೆಂಟು ಉಳಿತಾಯ ಶುರುವಾಯಿತು. ಐದು ನಿಮಿಷ ಯಾರೂ ಅಲುಗಾಡದಿದ್ದರೆ ಕೋಣೆಯ ದೀಪ, ಕಂಪ್ಯೂಟರ್ ಎಲ್ಲ ತಾವಾಗಿಯೇ ಆರುತ್ತಿದ್ದವು. ಕಂಬಣ್ಣನನ್ನು ಅವತ್ತಿನ ಮಟ್ಟಿಗೆ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ಸಂಜೆಯೊಳಗೆ ಚಿಪ್‌ನ ವರದಿ ಕೊಟ್ಟರೆ ಈ ಕೋಣೆ ನಿಮಗೇ ಕಾಯಂ ಎಂದು ಮೇಲಧಿಕಾರಿ ಹೇಳಿದ್ದರು. ಗದ್ದಲದ ಹಾಲ್‌ನಲ್ಲಿ ಹನ್ನೊಂದು ವರ್ಷ ತಲೆ ಚಿಟ್ಟು ಹಿಡಿಸಿಕೊಂಡಿದ್ದ ಕಂಬಣ್ಣನಿಗೆ, ಬಾಗಿಲಿರುವ ಆ ಕೋಣೆಯೆಂದರೆ ಪ್ರಾಣ.

ನಕ್ಷೆಯಲ್ಲಿ ಕಣ್ಣು ನೆಟ್ಟ. ಫಕ್ಕನೆ ಕತ್ತಲು. ಕೈ ಬೀಸಿದ, ಬೆಳಕು ಬಂತು. ನೋಡುತ್ತಿದ್ದ ಜಾಗವೇ ತಪ್ಪಿಹೋಯಿತು. ಮೂರು ಸಲ ಹೀಗೇ ಆಯಿತು.

"ಕಾಲು ಅಲ್ಲಾಡಿಸ್ತಾ ಕೂತ್ಕೋ ಕಂಬಣ್ಣ," ಎಂದರು ರಿಸೆಪ್ಷನ್ ಅಕ್ಕ, ಬಾಗಿಲಲ್ಲೇ ನಿಂತು. ಅಲ್ಲಾಡಿಸಿದ. ಮೇಜೂ ಅಲ್ಲಾಡಿ ಕಾಫಿಯೆಲ್ಲ ಮಡಿಲಿಗೆ ಬಿತ್ತು.

"ಅಯ್ಯೋ, ಕಾಲಲ್ಲ ಕಣಯ್ಯ, ತಲೆ ಅಲ್ಲಾಡಿಸ್ಬೇಕು!" ಎಂದ ಹಿಂದೆಯೇ ಬಂದ ಕಾವಲುಗಾರ. ಅಲ್ಲಾಡಿಸಿದರೆ ನಕ್ಷೆಯ ಗೆರೆಗಳೆಲ್ಲ ಇರುವೆಗಳಂತೆ ಹರಿದಾಡಿದವು.

"ನಿಮ್ಮ ಉಪಕಾರ ಸಾಕಪ್ಪಾ ಸಾಕು, ಕೈ ಮುಗೀತೀನಿ!" ಎಂದು ಬಾಗಿಲು ಹಾಕಿಕೊಂಡ.

ಆಮೇಲೆ ಅವನಿಗೇ ಉಪಾಯ ಹೊಳೆಯಿತು. ಮೇಜಿನ ಫ್ಯಾನಿಗೆ ಕರವಸ್ತ್ರ ಕಟ್ಟಿ ಚಾಲೂ ಮಾಡಿದ. ಅದು ಪಟಪಟ ಹಾರಾಡಿತು, ದೀಪ ಆರಲೇ ಇಲ್ಲ. ಅಬ್ಬಾ, ಏನು ನೆಮ್ಮದಿ! ನಡುವೆ ಊಟಕ್ಕೂ ಹೋಗಿಬಂದ. ನಾಲ್ಕು ಗಂಟೆಗೆ ಕರೆಂಟು ಕಳ್ಳ ಸಿಕ್ಕೇಬಿಟ್ಟ. 'ಈ ಭಾಗ ಕೆಲಸವಿಲ್ಲದಿದ್ದರೂ ಮಲಗುವುದಿಲ್ಲ. ಇದಕ್ಕೆ ಕರೆಂಟು ನಿಲ್ಲಿಸಿ, ಕೆಲಸವನ್ನು ಬೇರೆಡೆಗೆ ಸಾಗಿಸಬೇಕು' ಎಂದು ಬರೆದು ಮೇಲಧಿಕಾರಿಯ ಮುಂದಿಟ್ಟ.

ಅವರು ಎರಡು ಸಲ ಓದಿದರು. "ಭೇಷ್! ಇದೇ ಸರಿಯಾದ ದಾರಿ, ಅಲ್ವಾ?"

"ಇದೊಂದೇ ದಾರಿ ಸಾರ್. ಕನಿಕರ ತೋರಿಸಲೇಬಾರದು."

"ನನಗೂ ಹಾಗೇ ಅನ್ನಿಸ್ತು ನೋಡಿ." ಅವರು ತಮ್ಮ ಪರದೆಯನ್ನು ಇತ್ತ ತಿರುಗಿಸಿದರು. ಕಚೇರಿಯ ಎಲ್ಲ ಕೋಣೆಗಳ ಕರೆಂಟು ಲೆಕ್ಕ ಅದರಲ್ಲಿತ್ತು. "ಇಲ್ಲೂ ಒಂದು ಕೋಣೆ ಮಲಗೋದೇ ಇಲ್ಲ. ಊಟದ ಹೊತ್ತಲ್ಲೂ ಎಚ್ಚರ. ನೀವು ನನ್ನೆದುರು ನಿಂತಿದೀರಿ, ಅದು ಈಗಲೂ ಎಚ್ಚರ!"

ಕಂಬಣ್ಣ ತನ್ನ ಕೋಣೆಯತ್ತ ತಿರುಗಿ ನೋಡಿದ. "ಸಾರ್, ಅದು... ಕರವಸ್ತ್ರ..."

"ನೀವು ಬರೆದ ಹಾಗೇ ಮಾಡ್ತೀನಿ. ಕೋಣೆಗೆ ಕರೆಂಟು ಬಂದ್. ನಾಳೆಯಿಂದ ಹಾಲ್‌ನಲ್ಲಿ, ರಿಸೆಪ್ಷನ್ ಅಕ್ಕನ ಪಕ್ಕ ಕೂತ್ಕೊಳ್ಳಿ. ಅಲ್ಲಿ ದೀಪ ಆರೋ ಭಯವೇ ಇಲ್ಲ. ಆಕೆ ಐದು ನಿಮಿಷ ಸುಮ್ಮನೆ ಕೂತಿದ್ದನ್ನ ಈ ಕಚೇರೀಲಿ ಇನ್ನೂ ಯಾರೂ ನೋಡಿಲ್ಲ."